ಹದ

ಡೌಗವ್‌ಪಿಲ್ಸ್‌ನ ಟ್ರಾಮ್ ಡಿಪೋದಲ್ಲಿ ರಾತ್ರಿ ಕಾವಲು ನನ್ನದು.
ಹನ್ನೊಂದು ಗಾಡಿ ಮಲಗಿರುತ್ತವೆ,
ಗೊರಕೆ ಹೊಡೆಯುವುದು ಹೀಟರು ಒಂದೇ.
ಐವತ್ತಮೂರರ ಇಲ್ಮಾರ್ಸ್ ನಾನು
ಮಗಳು ಬಿಟ್ಟುಹೋದ ಲ್ಯಾಪ್‌ಟಾಪು ತೆರೆದು
ಇನ್ನೊಂದು ಊರಿನ ಅಗಳಿ ಸರಿಸುತ್ತೇನೆ.

ಅಲ್ಲಿ ಎಲ್ಲರಿಗೂ ಡ್ರ್ಯಾಗನ್ ಕೊಲ್ಲುವ ಅವಸರ.
ನನ್ನನ್ನು ಮೊದಲ ದಿನ ಒಂದು ಹಂದಿ ತಿವಿದು ಕೊಂದಿತು.
ಎರಡನೆಯ ದಿನವೂ ಅದೇ ಹಂದಿ.
ಮೂರನೆಯ ದಿನ ಕತ್ತಿ ಮಾರಿ
ತೊಗಲು ಹದ ಮಾಡುವವರ ಕೇರಿಗೆ ಬಂದೆ.

ಬಿಳಿ ಕೂದಲು, ಗೂನು ಬೆನ್ನು, ಸೊಂಟದಲ್ಲಿ ಏಳು ಚಾಕು,
ತಲೆಯ ಮೇಲೆ ತೇಲುವ ಹೆಸರು: ತೊಗಲಜ್ಜಿ.
ಶಿಷ್ಯನಾಗುತ್ತೇನೆ ಎಂದೆ ಮುರುಕು ಇಂಗ್ಲಿಷಿನಲ್ಲಿ.
ಕೈ ತೋರಿಸು ಅಂದಳು ಅದಕ್ಕಿಂತ ಮುರುಕಿನಲ್ಲಿ.
ಆ ಲೋಕದ ಕೈಗಳಿಗೆ ಗೆರೆಗಳಿಲ್ಲ, ಎಲ್ಲರದೂ ಒಂದೇ ಅಚ್ಚು;
ಆದರೂ ತೋರಿಸಿದೆ.
"ಏನೂ ಗೊತ್ತಿಲ್ಲದ ಕೈ. ಒಳ್ಳೆಯದು."

ಒಂದು ತಿಂಗಳು ಬರೀ ರೋಮ ಕೆರೆದೆ.
ಮೌಸು ಎಳೆದೆಳೆದು ನಿಜದ ಮಣಿಕಟ್ಟು ಬಾತುಕೊಂಡಿತು.
ಇನ್ನೊಂದು ತಿಂಗಳು ಸುಣ್ಣದ ನೀರು.
"ಗಂಟೆ ನೋಡಬೇಡ, ಬಣ್ಣ ನೋಡು.
ಗಂಟೆ ಎಲ್ಲರಿಗೂ ಒಂದೇ, ತೊಗಲು ಒಂದೊಂದೂ ಬೇರೆ."
ಮೂವತ್ತು ವರ್ಷ ಟ್ರಾಮು ಓಡಿಸಿದವನಿಗೆ
ಈ ಮಾತು ಅರಗಲು ಹೊತ್ತು ಹಿಡಿಯಿತು.

ಯಾವುದೋ ಹಳ್ಳಿಯ ಮುದುಕಿ, ನಿದ್ದೆ ಬಾರದೆ ಕೂತಿದ್ದಾಳೆ
ಎಂದುಕೊಂಡಿದ್ದೆ. ಒಂದು ರಾತ್ರಿ ಬರೆದಳು:
"ಇವತ್ತು ಬೇಗ ಹೊರಡುತ್ತೇನೆ, ರಸಾಯನಶಾಸ್ತ್ರದ ಪರೀಕ್ಷೆ."
ಹದಿನೇಳು ವರ್ಷ. ಊರು ಸೆಬು. ಹೆಸರು ಲಿಗಾಯಾ.
ನನಗೆ ರಾತ್ರಿ ಹನ್ನೊಂದಾದಾಗ ಅವಳಿಗೆ ಬೆಳಗಿನ ಐದು,
ಅಮ್ಮನ ದಿನಸಿ ಅಂಗಡಿಯ ಬಾಗಿಲು ತೆಗೆಯುವ ಮುಂಚೆ
ಒಂದು ತಾಸು ಅಜ್ಜಿಯಾಗುತ್ತಾಳೆ.
ಆಮೇಲೂ ನಾನು ಅಜ್ಜಿ ಎಂದೇ ಕರೆದೆ.
ಅವಳೂ "ಹುಡುಗಾ" ಎನ್ನುವುದನ್ನು ಬಿಡಲಿಲ್ಲ.

ಡಿಸೆಂಬರಿನಲ್ಲಿ ಅಲ್ಲಿ ಚಂಡಮಾರುತ.
ತೊಟ್ಟಿಯಲ್ಲಿ ಆರು ಜಿಂಕೆ ತೊಗಲು ಓಕ್ ತೊಗಟೆಯ ಕಷಾಯ ಕುಡಿಯುತ್ತಿದ್ದವು.
ಕೋಲು ಹಿಡಿದು ಏನೋ ಹೇಳುತ್ತಿದ್ದಳು, "ಈಗ ನೋಡು, ಹದ ಅಂದರೆ"
ಅಷ್ಟೇ. ಬಾಯಿ ತೆರೆದಂತೆಯೇ ಅಜ್ಜಿ ನಿಂತುಬಿಟ್ಟಳು,
ಆಮೇಲೆ ಅಳಿಸಿಹೋದಳು.

ಹದ ಅಂದರೆ?

ತಿರುವದಿದ್ದರೆ ತೊಗಲು ಕೊಳೆಯುತ್ತದೆ, ಆಟದ ನಿಯಮ.
ಕೋಲು ಎತ್ತಿಕೊಂಡೆ.
ರಾತ್ರಿ ತಿರುವಿದೆ. ರೊಟ್ಟಿ ತಿನ್ನುತ್ತ ಎಡಗೈಯಲ್ಲಿ ತಿರುವಿದೆ.
ಮುಂಜಾವ ಮೊದಲ ಗಾಡಿಗೆ ಬಂದ ಜೆಂಟಾ
ಏನು ಮಾಡುತ್ತಿದ್ದೀಯ ಎಂದಳು. ತೊಗಲು ತಿರುವುತ್ತಿದ್ದೇನೆ ಎಂದೆ.
ಅವಳು ಮೂಗು ಅರಳಿಸಿ ಮೂಸಿದಳು,
ವಾಸನೆಯಿಲ್ಲದ ತೊಗಲು ಅದೆಂಥದು ಎನ್ನುತ್ತ ಗಂಟೆ ಬಾರಿಸಿ ಹೋದಳು.
ರೇಡಿಯೋದಲ್ಲಿ ಆ ದ್ವೀಪದ ಸುದ್ದಿ ಒಂದೇ ಸಾಲು, ಆಮೇಲೆ ಹಾಕಿ ಪಂದ್ಯ.
ಮನೆಗೆ ಒಯ್ದೂ ತಿರುವಿದೆ.
ಬೇರೇನು ಮಾಡಬಹುದಿತ್ತು
ಇಷ್ಟು ದೂರದಿಂದ?

ಒಂಬತ್ತನೆಯ ದಿನ ಹೆಸರು ತೇಲಿತು.
ಚಾವಣಿ ಹಾರಿದೆ, ಅಮ್ಮ ಕ್ಷೇಮ, ಅಕ್ಕಿಯೆಲ್ಲ ಒದ್ದೆ,
ಪಕ್ಕದ ಮನೆಯ ಜನರೇಟರು, ಹತ್ತೇ ನಿಮಿಷ.
ಹೀಗೆಲ್ಲ ಬರೆದವಳು ನೇರ ತೊಟ್ಟಿಗೆ ಕೈ ಹಾಕಿದಳು.
"ಎಷ್ಟು ತಿರುವಿದ್ದೀ?"
"ಬಿಡದೆ."
"ಮೂರ್ಖ. ಬೆಣ್ಣೆಯಾಗಿದೆ. ಕವಚಕ್ಕೆ ಬರುವುದಿಲ್ಲ."
ಹತ್ತರಲ್ಲಿ ಏಳು ನಿಮಿಷ ಮಾತಿಲ್ಲದೆ ಕತ್ತರಿಸಿದಳು, ಹೊಲಿದಳು,
ನನ್ನ ಮುಂದೆ ಇಟ್ಟು ಆರಿಹೋದಳು.

ಕೈಗವಸು, ಒಂದು ಜೊತೆ.
ರಕ್ಷಣೆ: ಸೊನ್ನೆ. ಬೆಲೆ: ಸೊನ್ನೆ.
ಮಾಡಿದವರು ಎಂಬಲ್ಲಿ ಎರಡು ಹೆಸರು.

ಹಾಕಿಕೊಂಡು ಕಾಡಿಗೆ ಹೋದೆ. ಅದೇ ಹಂದಿ, ಮತ್ತೆ ಸತ್ತೆ.
ಮುಂದಿನ ವಾರ ಅಜ್ಜಿಗೆ ಹೇಳಿದರೆ
ಗಾಯದ ಸುದ್ದಿಯನ್ನೇ ಎತ್ತಲಿಲ್ಲ.
ಕೈ ತೋರಿಸು ಅಂದಳು,
ಗವಸನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿದಳು.
ಒಂದು ಎಳೆಯೂ ಬಿಟ್ಟಿರಲಿಲ್ಲ.